‘ಹ್ಞೂಂ ಸಾ’ ಅಂದ್ರೆ ತಿಳೀತು ಅಂತಲ್ಲ

ಚಳ್ಳಕೆರೆ ತಾಲ್ಲೂಕಿನಲ್ಲಿ ಕೃಷಿ ಇಲಾಖೆ ಕೆಲಸಕ್ಕೆ ಸೇರಿದ ಹೊಸದು. ಶೇಂಗಾ ಬೆಳೆಗಾರರಿಗೆ ಬೆಳೆ ವಿಮೆ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆ ಅದು. ಅರಳಿಕಟ್ಟೆ ಮುಂದೆ ನಿಂತು ‘ಅಧಿಸೂಚಿತ ಘಟಕದ ವಾಸ್ತವಿಕ ಇಳುವರಿಯು ಪ್ರಾರಂಭಿಕ ಇಳುವರಿಗಿಂತ ಕಡಿಮೆಯಾದಲ್ಲಿ’ ಅಂತ ಓದುತ್ತಿದ್ದೆ. ಎಲ್ಲರೂ ‘ಹ್ಞೂಂ ಸಾ’ ಅನ್ನೋರು. ಒಬ್ಬರೂ ಪ್ರಶ್ನೆ ಕೇಳುತ್ತಿರಲಿಲ್ಲ. ಚೆನ್ನಾಗೇ ಹೇಳಿದೆ ಅಂದುಕೊಂಡು ಬೈಕ್ ಹತ್ತುತ್ತಿದ್ದೆ.

ಶೇಂಗಾ ಕೀಳುವ ಹೊತ್ತಿಗೆ ಅದೇ ಜನ ಒಣಗಿದ ಗಿಡ ತಂದು ನನ್ನ ಮೇಜಿನ ಮೇಲೆ ಹಾಕಿದರು. ‘ನಮ್ಮ ಹೊಲ ನೋಡ್ಬನ್ನಿ ಸಾ. ದುಡ್ಡು ಯಾವಾಗ ಬರ್ತದೆ?’

ಮುಂದಿನ ವರ್ಷ ಕರಪತ್ರ ಬ್ಯಾಗಿನಲ್ಲೇ ಇಟ್ಟೆ. ‘ಶೇಕಡಾ 2ರ ಕಂತು’ ಬಿಟ್ಟು ‘ಸಾವಿರಕ್ಕೆ 20 ರೂಪಾಯಿ’ ಅಂದೆ. ‘ಜುಲೈ ಕೊನೆಯಲ್ಲಿ ತೇವಾಂಶದ ಕೊರತೆ’ ಬದಲು ‘ಪುಷ್ಯ ಮಳೆ ಕೈಕೊಟ್ರೆ’ ಅಂದೆ. ಅಷ್ಟಕ್ಕೇ ಜಗಳ ಶುರು. ಹೋದ ವರ್ಷ ಕೈಕೊಟ್ಟಿದ್ದು ಪುಷ್ಯನೋ ಆಶ್ಲೇಷನೋ ಅಂತ! ನನ್ನನ್ನು ಮರೆತೇಬಿಟ್ಟರು. ಸುಮ್ನೆ ಕೇಳುತ್ತಾ ಕೂತೆ. ಆಂಧ್ರದ ಗಡಿ ಕಡೆ ಮನೆಮಾತು ತೆಲುಗು. ಅಲ್ಲಿ ನನ್ನ ಹರಕುಮುರುಕು ತೆಲುಗಿಗೆ ನಕ್ಕು, ಆಮೇಲೆ ಅವರೇ ತಿದ್ದಿದರು.

ಇನ್ನೊಂದು, ‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟೆ. ಊರ ಮುಂದೆ ‘ಇಲ್ಲ’ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ಒಂದು ಸಂಜೆ ನೆಲದ ಮೇಲೆ ಹಗ್ಗ ಹಾಸಿ, ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಮಾಡಿ ತೋರಿಸಿದೆ. ಪಂಚಾಯ್ತಿಯಲ್ಲಿ ಕೆಲವೇ ಹೊಲದಲ್ಲಿ ಇಷ್ಟಗಲ ಗಿಡ ಕಿತ್ತು ಕಾಯಿ ತೂಗುತ್ತೇವೆ. ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬಂದ ಐದು ವರ್ಷದ ಸರಾಸರಿ ಹಿಡಿದು, ಅದರಲ್ಲೊಂದು ಪಾಲು ಕಳೆದು, ಈ ತೂಕದ ಜೊತೆ ಹೋಲಿಸುತ್ತಾರೆ, ತೂಕ ಅದಕ್ಕಿಂತ ಕಮ್ಮಿ ಬಂದ್ರೆ ಮಾತ್ರ ದುಡ್ಡು ಅಂದೆ.

‘ಅಜ್ಜ, ಮನೆಗೆ ಹೋಗಿ ಅಜ್ಜಿಗೆ ಏನಂತ ಹೇಳ್ತೀರಿ?’

ಅಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಚೌಕವನ್ನೇ ನೋಡಿದರು.

‘ಅಂಗಾರೆ ನನ್ನ ಹೊಲ ಒಂದೇ ಒಣಗಿದ್ರೆ ಸಾಲ್ದು. ಪಂಚಾಯ್ತಿಯೆಲ್ಲ ಒಣಗ್ಬೇಕು. ಅಲ್ವಾ ಸಾ?’

ನಮ್ಮ ತರಬೇತಿಯಲ್ಲಿ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ‘ಹೌದಜ್ಜ’ ಅಂದೆ. ಹೇಳೋಕೆ ಕಷ್ಟವಾಯಿತು.

ಪಕ್ಕದೂರಿನಲ್ಲಿ ಅಜ್ಜನ ಮಾತಿನಿಂದಲೇ ಶುರು ಮಾಡಿದೆ. ಅವತ್ತು ‘ಹ್ಞೂಂ ಸಾ’ ಬರಲಿಲ್ಲ. ‘ತೂಗೋ ಹೊಲ ಆರ್ಸೋರು ಯಾರು?’ ಅಂತ ಹಿಂದಿನಿಂದ ಒಬ್ಬರು ಎದ್ದು ನಿಂತರು. ನಾನು ಬೈಕ್ ಹತ್ತುವಾಗ ಕತ್ತಲಾಗಿತ್ತು.