ಆ ಪುಸ್ತಕ ಲೈಬ್ರರಿಯಿಂದ ತಗೀರಿ ಅಂತ ಮಂದಿ ಬಂದ್ರ ಏನ್ ಮಾಡ್ಬೇಕು

ಗದಗ ಕಡೆ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊಂತೇನ್ರಿ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕ್ಯಾರ, ಆದ್ರ ಊರ ಮಂದಿಗೆ ಅದು ಇನ್ನೂ ಲೈಬ್ರರಿನ. ಹೊಸದಾಗಿ ಈ ಡ್ಯೂಟಿಗೆ ಬಂದವರಿಗೆ ಹೇಳಾಕತ್ತೇನಿ.

ಮೊದಲು ಬಂದವರನ್ನ ಕುಂದರಸ್ರಿ. ನಿಂತು ಮಾತಾಡಿದ್ರ ದನಿ ಏರ್ತೈತಿ, ಕುಂತು ಒಂದು ತಂಬಗಿ ನೀರು ಕುಡದ್ರ ಅರ್ಧ ಸಿಟ್ಟು ಇಳೀತೈತಿ. ಆಮ್ಯಾಲ ಯಾವ ಪುಸ್ತಕ, ಯಾವ ಪುಟ ಅಂತ ಕೇಳ್ರಿ. ಬಹಳ ಸಲ ವಾಟ್ಸಾಪ್‌ನ್ಯಾಗ ಬಂದ ಒಂದು ಪುಟದ ಫೋಟೋ ಅಷ್ಟ ಇರ್ತೈತಿ. ಹಂಗಂತ "ಓದಲಾರದ ಬಂದೀರಿ" ಅಂತ ಚುಚ್ಚಬ್ಯಾಡ್ರಿ, ನಾ ಚುಚ್ಚಿ ಅನುಭವಿಸೇನಿ.

ಬರದು ಕೊಡ್ರಿ ಅನ್ರಿ, ಹೆಸರು, ಸಹಿ, ತಾರೀಖು ಹಾಕಿ. ಅರ್ಜಿ ಅಂದ ಕೂಡ್ಲೇ ಕೆಲವರು ಚಾದಂಗಡಿ ಕಡೆ ನಡೀತಾರ. ಕೊಟ್ರ ಒಂದು ಜೆರಾಕ್ಸ್ ನಿಮ್ಮ ಫೈಲಿಗೆ, ಅರ್ಜಿ ಅವತ್ತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದ್ರ ಪಿಡಿಒ ಸಾಹೇಬ್ರ ಕೈಗೆ. ಅಲ್ಲೇ ನಿಂತು "ತಗೀತೇನಿ" "ತಗಿಯಂಗಿಲ್ಲ" ಏನೂ ಅನ್ನಬ್ಯಾಡ್ರಿ.

ಮುಖ್ಯ ಮಾತಂದ್ರ ಪುಸ್ತಕ ಮುಚ್ಚಿಡಬ್ಯಾಡ್ರಿ. ನಾ ಹೆದರಿ ಒಂದನ್ನ ತಿಜೂರಿಯೊಳಗ ಇಟ್ಟೆ, ವಾರದಾಗ ಇನ್ನೊಂದು ಗುಂಪು ಬಂದು ಯಾಕ ತಗದ್ರಿ ಯಾರು ಹೇಳಿದ್ರು ಅಂತ ಶುರು ಮಾಡ್ತು, ಎರಡೂ ಕಡೆ ನಾನ ಕಳ್ಳಿ. ಮ್ಯಾಲ ಎಲ್ಲಾ ಪುಸ್ತಕಕ್ಕೂ ನೋಂದಣಿ ನಂಬರ್ ಐತಿ, ಕಡಿಮಿ ಬಿದ್ರ ಲೆಕ್ಕ ನಮ್ಮನ್ನ ಕೇಳೋದು. ಪುಸ್ತಕ ಮುಟ್ಟುಗೋಲು ಹಾಕೋದು ರಾಜ್ಯ ಸರ್ಕಾರದ ಕೆಲಸ, ಕಾರಣ ಬರದು ಅಧಿಸೂಚನೆ ಹೊರಡಿಸಬೇಕು, ಅದಕ್ಕ ಮೊದಲು ಸಿಆರ್‌ಪಿಸಿ ಅನ್ನೋ ಹಳೇ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ ಸೆಕ್ಷನ್ 95 ಇತ್ತು, 2024ರ ಜುಲೈಯಿಂದ ಅದರ ಜಾಗಕ್ಕ ಬಂದ ಬಿಎನ್‌ಎಸ್‌ಎಸ್ ಕಾನೂನಿನ ಸೆಕ್ಷನ್ 98. ಅದರ ಮ್ಯಾಲೂ 2 ತಿಂಗಳೊಳಗ ಹೈಕೋರ್ಟಿಗೆ ಹೋಗಬಹುದು. ಅಂದ್ರ ಕಟ್ಟಿ ಮ್ಯಾಲ ಕುಂತವರ ಮಾತಿಗೆ ನಾವು ರ‍್ಯಾಕ್ ಖಾಲಿ ಮಾಡೋ ಹಂಗಿಲ್ಲ. ಈ ಸೆಕ್ಷನ್ ನಂಬರ್ ಒಂದು ಚೀಟಿ ಮ್ಯಾಲ ಬರದು ಟೇಬಲ್ ಗ್ಲಾಸಿನ ಕೆಳಗ ಇಟ್ಟೇನಿ, ಗಾಬರಿಯೊಳಗ ನೆನಪಾಗಂಗಿಲ್ಲ ನೋಡ್ರಿ.

ಮನಿ ವಿಷಯಕ್ಕ ನನ್ನ ಹತ್ರ ಉಪಾಯ ಇಲ್ಲ. ಬಂದವರೊಳಗ ನಮ್ಮ ಮೈದುನನೂ ಇದ್ದ. ಆ ವರ್ಷ ಸೀಗಿ ಹುಣ್ಣಿವಿಗೆ ಚರಗ ಚೆಲ್ಲಾಕ ಹೊಲಕ್ಕ ನಮ್ಮನ್ನ ಕರೀಲಿಲ್ಲ, ಸಜ್ಜಿ ರೊಟ್ಟಿ ಬಡದು ಮನ್ಯಾಗ ನಾವಿಬ್ಬರ ತಿಂದ್ವಿ, ನಮ್ಮವರು "ಬಿಡು, ಒಂದು ಪುಸ್ತಕಕ್ಕ ಇಷ್ಟ್ಯಾಕ" ಅಂದ್ರು, ನನಗ ರಾತ್ರಿ ನಿದ್ದಿ ಬರ್ಲಿಲ್ಲ. ಊರ ವಾಟ್ಸಾಪ್ ಗ್ರೂಪಿನ್ಯಾಗ ಮಾತ್ರ ಉತ್ತರ ಕೊಡಬ್ಯಾಡ್ರಿ, ಊಟ ಆದ ಮ್ಯಾಲ ಫೋನ್ ಸೈಲೆಂಟ್ ಇಡ್ರಿ.

ಇನ್ನೊಂದು, ಆ ಪುಸ್ತಕ ಯಾರು ಒಯ್ದಾರ ತೋರಸ್ರಿ ಅಂತ ಕೇಳ್ತಾರ. ತೋರಸಬ್ಯಾಡ್ರಿ. ನಮ್ಮಲ್ಲಿ ಅದನ್ನ ಒಯ್ದಿದ್ದು ಪಿಯುಸಿ ಓದೋ ಹುಡುಗಿ, ಅಷ್ಟೂ ಮಂದಿ ಅವರ ಮನಿ ಮುಂದ ನಿಂತಿದ್ರ ಏನ್ ಗತಿ? "ಅಕ್ಕಾರ ರಿಜಿಸ್ಟರ್ ಎಲ್ಲೈತ್ರಿ" ಅಂತ ಅವರು ಹುಡುಕ್ತಿದ್ರು, ನಾ ಅದರ ಮ್ಯಾಲ ಬುತ್ತಿ ಚೀಲ ಇಟ್ಕೊಂಡು ಸುಮ್ನ ಕುಂತಿದ್ದೆ.