ಕನ್ಸೋಲ್ ಆಟವನ್ನು ಕಂಪ್ಯೂಟರಿನಲ್ಲಿ ಎಚ್‌ಡಿ ವಿಡಿಯೋ ಆಗಿ ದಾಖಲಿಸುವ ಕ್ರಮ

ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್‌ಗಳಲ್ಲಿ ಒಂದಾದ ಪ್ಲೇಸ್ಟೇಷನ್ 4ರ ಶೇರ್ ಬಟನ್ ಒಂದು ಸಲಕ್ಕೆ ಹೆಚ್ಚೆಂದರೆ 60 ನಿಮಿಷದ ಆಟವನ್ನು ಉಳಿಸುತ್ತದೆ. ಮೊದಲ ನಿಂಟೆಂಡೊ ಸ್ವಿಚ್ ಉಳಿಸುವುದು ಕೊನೆಯ 30 ಸೆಕೆಂಡುಗಳನ್ನು ಮಾತ್ರ, ಅದೂ ಪೂರ್ಣ ಎಚ್‌ಡಿಗಿಂತ ಕಡಿಮೆಯ 720ಪಿ ಗುಣಮಟ್ಟದಲ್ಲಿ. ಇಡೀ ಪಂದ್ಯವನ್ನು ಕನ್ನಡದ ವಿವರಣೆಯೊಂದಿಗೆ ಯೂಟ್ಯೂಬಿಗೆ ಹಾಕಬೇಕೆನ್ನುವವರಿಗೆ ಇದು ಸಾಲದು. ಅಂಥವರಿಗೆ ಕನ್ಸೋಲ್ ಮತ್ತು ಟಿ.ವಿ.ಯ ನಡುವೆ ಕೂತು ಚಿತ್ರದ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಕಳಿಸುವ ಕ್ಯಾಪ್ಚರ್ ಕಾರ್ಡ್ ಬೇಕು. ಬೇಸಿಗೆಯ ಬಿಸಿಲು ಮತ್ತು ಆಗಾಗ ಹೋಗುವ ಕರೆಂಟಿನ ನಡುವೆಯೇ ದಾಖಲಿಸಬೇಕಾದ ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಇನ್ನೂ ಕೆಲವು ಎಚ್ಚರಿಕೆಗಳು ಅಗತ್ಯ.

ಕಾರ್ಡನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ, ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ '4ಕೆ' ಎಂಬುದನ್ನು ನಂಬಿ ಹಣ ಕೊಡಬಾರದು. ಅನೇಕ ಅಗ್ಗದ ಕಾರ್ಡುಗಳು 4ಕೆ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತವೆಯೇ ಹೊರತು ಅದನ್ನು ದಾಖಲಿಸುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 4ಕೆಗಿಂತ ಚಿಕ್ಕದಾದ 1920 × 1080 ಚುಕ್ಕೆಗಳ ಚಿತ್ರಕ್ಕೇ ಚುಕ್ಕೆಯೊಂದಕ್ಕೆ 2 ಬೈಟ್‌ನಂತೆ, ಸೆಕೆಂಡಿಗೆ 60 ಚಿತ್ರಗಳಾದರೆ, ಪ್ರತಿ ಸೆಕೆಂಡಿಗೆ ಸುಮಾರು 249 ಎಂಬಿ ಸಾಗಬೇಕು; ಯುಎಸ್‌ಬಿ 2.0ರ ಗರಿಷ್ಠ ವೇಗವೇ ಸೆಕೆಂಡಿಗೆ 60 ಎಂಬಿ. ಹಾಗಾಗಿ ಯುಎಸ್‌ಬಿ 2.0 ಬಳಸುವ ಆ ಅಗ್ಗದ ಕಾರ್ಡುಗಳು ಚಿತ್ರವನ್ನು ಬಲವಾಗಿ ಕುಗ್ಗಿಸಿ ಕಳಿಸುತ್ತವೆ, ಕಾರು ಓಡುವಾಗ ರಸ್ತೆಬದಿಯ ಹುಲ್ಲೆಲ್ಲ ಕಲಸಿದಂತೆ ಕಾಣುತ್ತದೆ. ಯುಎಸ್‌ಬಿ 3.0 ಇರುವ, ಟಿ.ವಿ.ಗೆ ಪ್ರತ್ಯೇಕ ಎಚ್‌ಡಿಎಂಐ ಔಟ್‌ಪುಟ್ ಇರುವ ಕಾರ್ಡನ್ನೇ ಕೊಳ್ಳಬೇಕು. ಆ ಔಟ್‌ಪುಟ್ ಏಕೆಂದರೆ, ಕಂಪ್ಯೂಟರಿನ ಪರದೆಯಲ್ಲಿ ಚಿತ್ರ ತುಸು ತಡವಾಗಿ ಬರುತ್ತದೆ. ಅದನ್ನು ನೋಡಿಕೊಂಡು ಆಡಿದರೆ ಬಟನ್ ಒತ್ತಿದ್ದಕ್ಕೂ ಆಟಗಾರ ಜಿಗಿಯುವುದಕ್ಕೂ ತಾಳೆಯಾಗುವುದಿಲ್ಲ.

ಜೋಡಣೆ ಸರಳ. ಕನ್ಸೋಲಿನಿಂದ ಕಾರ್ಡಿನ ಇನ್‌ಪುಟ್‌ಗೆ ಒಂದು ಎಚ್‌ಡಿಎಂಐ ಕೇಬಲ್, ಔಟ್‌ಪುಟ್‌ನಿಂದ ಟಿ.ವಿ.ಗೆ ಇನ್ನೊಂದು, ಕಂಪ್ಯೂಟರಿಗೆ ಯುಎಸ್‌ಬಿ. ಆದರೆ ಎಲ್ಲವನ್ನೂ ಆಫ್ ಮಾಡಿದ ಮೇಲೆಯೇ ಕೇಬಲ್‌ಗಳನ್ನು ಸಿಕ್ಕಿಸಬೇಕು. ಹಳೆಯ ಮನೆಗಳಲ್ಲಿ ಪ್ಲಗ್ಗಿನ ಮೂರನೇ ಪಿನ್ನಿಗೆ ಅರ್ಥಿಂಗ್ ಇರದಿದ್ದರೆ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಅದೇ ಸೋರುವ ವಿದ್ಯುತ್ತು ಎಚ್‌ಡಿಎಂಐ ಪೋರ್ಟನ್ನು ಸುಡಬಲ್ಲದು.

ಕಂಪ್ಯೂಟರಿನಲ್ಲಿ ಕಪ್ಪು ಪರದೆ ಮಾತ್ರ ಕಂಡರೆ ಕಾರ್ಡ್ ಕೆಟ್ಟಿದೆಯೆಂದು ಹಿಂದಿರುಗಿಸಲು ಹೊರಡಬೇಡಿ. ಅದು ಬಹುತೇಕ ಎಚ್‌ಡಿಸಿಪಿ ಎಂಬ ನಕಲು ತಡೆಯ ಪರಿಣಾಮ. ಪ್ಲೇಸ್ಟೇಷನ್ 4ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ ಹೋಗಿ, ಪ್ಲೇಸ್ಟೇಷನ್ 5ರಲ್ಲಿ ಸಿಸ್ಟಮ್‌ನಿಂದ ಎಚ್‌ಡಿಎಂಐ ಒಳಗೆ ಹೋಗಿ ಅದನ್ನು ಆಫ್ ಮಾಡಬೇಕು. ಆಫ್ ಇರುವಷ್ಟು ಹೊತ್ತು ಸಿನಿಮಾ ಆ್ಯಪ್‌ಗಳು ನಡೆಯದಿರಬಹುದು. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಆಟಗಳಿಗೆ ಈ ತಡೆ ಇಲ್ಲ. ಸ್ವಿಚ್‌ನಲ್ಲೂ ಇಲ್ಲ, ಆದರೆ ಅದನ್ನು ಡಾಕ್‌ನಲ್ಲಿ (ಟಿ.ವಿ.ಗೆ ಜೋಡಿಸುವ ಪೀಠದಲ್ಲಿ) ಇಟ್ಟಿರಬೇಕು. ಸ್ವಿಚ್ ಲೈಟ್‌ಗೆ ವಿಡಿಯೋ ಔಟ್‌ಪುಟ್ಟೇ ಇಲ್ಲ. ಪ್ಲೇಸ್ಟೇಷನ್ 3ರ ಎಚ್‌ಡಿಎಂಐನಲ್ಲಿ ತಡೆಯನ್ನು ತೆಗೆಯಲು ಬಾರದು, ಅದಕ್ಕೆ ಕಾಂಪೊನೆಂಟ್ ಎಂಬ ಹಳೆಯ ಬಗೆಯ ವಿಡಿಯೋ ಕೇಬಲ್ ಮತ್ತು ಆ ಇನ್‌ಪುಟ್ ಇರುವ ಕಾರ್ಡೇ ದಾರಿ.

ದಾಖಲಿಸಲು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೋ ಸಾಕು. ಸೋರ್ಸಸ್‌ನಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ ಕಾರ್ಡಿನ ಹೆಸರನ್ನು ಆರಿಸಿ. ವಿಡಿಯೋ ಸೆಟ್ಟಿಂಗ್‌ನಲ್ಲಿ ಎರಡೂ ರೆಸಲ್ಯೂಷನ್‌ಗಳನ್ನು 1920 × 1080ಕ್ಕೆ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಅನ್ನು 60ಕ್ಕೆ ಇಡಿ. ಕಪ್ಪು ಬಣ್ಣ ಬೂದಿಯಂತೆ ಕಂಡರೆ ಕಾರ್ಡಿನ ಕಲರ್ ರೇಂಜ್ ಬದಲಿಸಿ ನೋಡಿ, ಕನ್ಸೋಲಿನಲ್ಲಿ ಎಚ್‌ಡಿಆರ್ (ಹೊಳಪು, ನೆರಳಿನ ವ್ಯಾಪ್ತಿ ಹೆಚ್ಚಿಸುವ ಸೌಲಭ್ಯ) ಆಫ್ ಮಾಡಿ. ವಿಡಿಯೋವನ್ನು ಕುಗ್ಗಿಸುವ ಎನ್‌ಕೋಡರ್ ಗ್ರಾಫಿಕ್ಸ್ ಕಾರ್ಡಿನಲ್ಲೇ ಇದ್ದರೆ ಅದನ್ನೇ ಆರಿಸುವುದು ಒಳ್ಳೆಯದು. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹೇರಿದರೆ ಲ್ಯಾಪ್‌ಟಾಪ್ ಕಾದು ವೇಗ ತಗ್ಗಿಸಿಕೊಳ್ಳುತ್ತದೆ, ವಿಡಿಯೋದಲ್ಲಿ ಫ್ರೇಮುಗಳು ತಪ್ಪುತ್ತವೆ.

ಫೈಲಿನ ಮಾದರಿ ಎಂಕೆವಿ ಆಗಿರಲಿ. ಇದು ನಮ್ಮ ಕಡೆಯವರು ಮರೆಯಲೇಬಾರದ ಮಾತು. ಸಾಮಾನ್ಯ ಎಂಪಿ4 ಫೈಲು ದಾಖಲೆ ಮುಗಿದಾಗಲಷ್ಟೇ ತನ್ನ ಸೂಚಿಯನ್ನು ಬರೆದುಕೊಳ್ಳುತ್ತದೆ, ನಡುವೆ ಕರೆಂಟ್ ಹೋದರೆ ಇಡೀ ಫೈಲು ತೆರೆಯುವುದಿಲ್ಲ. ಎಂಕೆವಿಯಲ್ಲಾದರೆ ಆ ಗಳಿಗೆಯವರೆಗಿನ ಆಟ ಬಹುತೇಕ ಉಳಿಯುತ್ತದೆ. ಡೆಸ್ಕ್‌ಟಾಪ್ ಮನೆಯ ಇನ್ವರ್ಟರ್ ಮೇಲಿದ್ದರೆ ಅದರ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು; ಇಲ್ಲದಿದ್ದರೆ ಕರೆಂಟ್ ಬದಲಾಗುವ ಅರೆಗಳಿಗೆಯಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ದನಿಯ ವಿಷಯದಲ್ಲಿ ಆಟದ ಸದ್ದನ್ನೂ ನಿಮ್ಮ ಮಾತನ್ನೂ ಬೇರೆ ಬೇರೆ ಟ್ರ್ಯಾಕ್‌ಗೆ ಹಾಕಿ, ಆಮೇಲೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸಬಹುದು. ಏರ್ ಕೂಲರ್ ಓಡುವ ಕೋಣೆಯಲ್ಲಿ ಮೈಕನ್ನು ಕೂಲರಿನ ಗಾಳಿಗೆ ಅಡ್ಡವಾಗಿ ಇಡದೆ ಬಾಯಿಯ ಹತ್ತಿರ ಇಟ್ಟು, ಅದಕ್ಕೆ ನಾಯ್ಸ್ ಸಪ್ರೆಶನ್ ಫಿಲ್ಟರ್ ಹಾಕಿ. ಮಾತು ಸ್ಪಷ್ಟವಾಗಿದ್ದರೆ ಚಿತ್ರದ ಸಣ್ಣ ಕೊರತೆಯನ್ನು ನೋಡುಗರು ಸಹಿಸುತ್ತಾರೆ, ಮಾತೇ ಕೇಳದಿದ್ದರೆ ಎಷ್ಟು ಒಳ್ಳೆಯ ಚಿತ್ರವಿದ್ದರೂ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ದಾಖಲಾಗುವ ಮಾಹಿತಿಯ ಪ್ರಮಾಣ, 40 ಎಂಬಿಪಿಎಸ್ (ಮೆಗಾಬಿಟ್) ಇಟ್ಟರೆ ಗಂಟೆಗೆ ಸುಮಾರು 18 ಜಿಬಿ ಜಾಗ ಹೋಗುತ್ತದೆ, ಶುರು ಮಾಡುವ ಮುನ್ನ ಡಿಸ್ಕ್ ನೋಡಿಕೊಳ್ಳಿ. ಮುಗಿದ ಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲಿರುವ ರೀಮಕ್ಸ್ ಆಯ್ಕೆಯಿಂದ ಎಂಕೆವಿಯನ್ನು ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಇಳಿಯುವುದಿಲ್ಲ. ಪೆನ್ ಡ್ರೈವಿನಲ್ಲಿ ಗೆಳೆಯರಿಗೆ ಕೊಡುವುದಾದರೆ ಅದನ್ನು ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿರಬೇಕು. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲು ಹಿಡಿಯುವುದಿಲ್ಲ, ಈ ಬಿಟ್‌ರೇಟಿನಲ್ಲಿ ಕಾಲು ಗಂಟೆಯ ಆಟವೇ ಆ ಮಿತಿಯನ್ನು ದಾಟುತ್ತದೆ.