ಊರಿನ ನೀರು ಹೊರಹೋಗಲು ದುಡ್ಡು ಹೊಂದಿಸಿದ ಬಗೆ

ಊರೊಳಗೆ ಮಳೆನೀರು ನಿಂತರೆ ಗ್ರಾಮಸಭೆಯಲ್ಲಿ ಬರುವ ಬೇಡಿಕೆ ಒಂದೇ: ನಮ್ಮ ಬೀದಿಗೆ ಸಿಮೆಂಟ್ ಚರಂಡಿ ಹಾಕಿಸಿ. ಹಳೇ ಮೈಸೂರು ಕಡೆಯ ನಮ್ಮ ಪಂಚಾಯಿತಿಯಲ್ಲಿ 2022ರ ಮಳೆಗೆ ಕೆರೆ ಕೋಡಿ ಬಿದ್ದು ತಗ್ಗಿನ ಕೇರಿಗೆ ನೀರು ನುಗ್ಗಿದಾಗಲೂ ಅದೇ ಬೇಡಿಕೆ ಬಂತು. ನಾವು ಕೆಲಸ ಶುರು ಮಾಡಿದ್ದು ಬೀದಿಯಿಂದಲ್ಲ, ನೀರು ಊರು ಬಿಟ್ಟು ಹಳ್ಳ ಸೇರುವ ಜಾಗದಿಂದ. ಕೆಳಗಿನ ದಾರಿ ಬಿಡಿಸದೆ ಮೇಲೆ ಚರಂಡಿ ಕಟ್ಟಿದರೆ ನೀರು ಇನ್ನಷ್ಟು ಬೇಗ ಬಂದು ಅದೇ ತಗ್ಗಿನ ಮನೆಗಳಿಗೆ ನುಗ್ಗುತ್ತದೆ.

ಅನುದಾನ ಕೇಳುವ ಮೊದಲು ಅಳತೆ ಆಗಬೇಕು. ಊರಿನ ಕಡೆ ನೀರು ಇಳಿಸುವ ಭೂಮಿ 30 ಎಕರೆ, ಅಂದರೆ 12 ಹೆಕ್ಟೇರ್ ಎಂದಿಟ್ಟುಕೊಳ್ಳಿ. ಜೋರು ಮಳೆ ಗಂಟೆಗೆ 60 ಮಿ.ಮೀ, ಅದರಲ್ಲಿ ಅರ್ಧ ಹರಿದು ಬರುತ್ತದೆ ಎಂದು ಹಿಡಿದರೆ 12 × 60 × 0.5 ÷ 360 (360 ಎಂಬುದು ಹೆಕ್ಟೇರ್, ಮಿ.ಮೀ ಲೆಕ್ಕವನ್ನು ಸೆಕೆಂಡಿನ ಘನ ಮೀಟರಿಗೆ ತರಲು), ಸೆಕೆಂಡಿಗೆ 1 ಘನ ಮೀಟರ್, ಅಂದರೆ 1,000 ಲೀಟರ್. 200 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ, ಎಲ್ಲ ಕಡೆ ಕಟ್ಟುವ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಚರಂಡಿ ತುಂಬಿ ಹರಿದರೂ ಸಾಗಿಸುವುದು ಸೆಕೆಂಡಿಗೆ ಸುಮಾರು 150 ಲೀಟರ್ ಮಾತ್ರ. ಬೇಕಿರುವುದರ ಏಳನೇ ಒಂದು ಪಾಲು. ಅದೇ ಇಳಿಜಾರಿನಲ್ಲಿ 90 ಸೆಂ.ಮೀ ಅಗಲ, 80 ಸೆಂ.ಮೀ ಆಳದ ಕಾಲುವೆ ಆ ನೀರನ್ನು 60 ಸೆಂ.ಮೀ ಮಟ್ಟದಲ್ಲೇ ಒಯ್ಯುತ್ತದೆ. ಮೇಲಿನ 20 ಸೆಂ.ಮೀ ಕಸ, ಹೂಳಿಗೆ ಬಿಟ್ಟ ಜಾಗ. ರಸ್ತೆ ಅಡಿಯ ಮೋರಿಯೂ ಅಷ್ಟೇ ಮುಖ್ಯ. 450 ಮಿ.ಮೀ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಅದೇ ಇಳಿಜಾರಿನಲ್ಲಿ ಒಯ್ಯುವುದು ಸೆಕೆಂಡಿಗೆ 200 ಲೀಟರ್, 900 ಮಿ.ಮೀ ಪೈಪ್ ಹಾಕಿದರೆ ಸಾಕಾಗುತ್ತದೆ. ಅನೇಕ ಊರುಗಳಲ್ಲಿ ನೀರು ಕಟ್ಟಿಕೊಳ್ಳುವುದು ಚರಂಡಿಯಿಂದಲ್ಲ, ಈ ಒಂದೇ ಮೋರಿಯಿಂದ.

ಇಳಿಜಾರು ನೋಡಲು ದೊಡ್ಡ ಉಪಕರಣ ಬೇಡ. ಗಾರೆ ಕೆಲಸದವರ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಗುಳ್ಳೆ ಇಲ್ಲದಂತೆ ನೋಡಿಕೊಂಡು, ಹಳ್ಳದ ತಳದಿಂದ ಮೇಲಕ್ಕೆ ಮಟ್ಟ ಗುರುತು ಹಾಕುತ್ತ ಬರಬೇಕು. ಪ್ರತಿ ಗುರುತಿಗೂ ಚೈನೇಜ್, ಅಂದರೆ ಶುರುವಿನಿಂದ ಅದು ಎಷ್ಟನೇ ಮೀಟರ್ ಎಂಬುದನ್ನು ಬರೆಯಬೇಕು. ಆ ಚೈನೇಜೇ ಮುಂದೆ ದುಡ್ಡಿನ ಲೆಕ್ಕಕ್ಕೂ ಆಧಾರ.

ಒಂದೇ ದೊಡ್ಡ ಅನುದಾನಕ್ಕೆ ಕಾಯುತ್ತ ಕೂತರೆ ವರ್ಷಗಳು ಕಳೆಯುತ್ತವೆ. ಯಾವ ನಿಧಿ ಯಾವ ಕೆಲಸಕ್ಕೆ ಒಪ್ಪುತ್ತದೋ ಆ ಕೆಲಸವನ್ನು ಅದಕ್ಕೆ ಕೊಟ್ಟೆವು. ಊರಿಂದ ಹಳ್ಳದವರೆಗಿನ ಕಾಲುವೆಯ ಹೂಳೆತ್ತುವುದು ಉದ್ಯೋಗ ಖಾತರಿಗೆ. ನಾವು ಮಾಡಿಸಿದ 2023–24ರಲ್ಲಿ ದಿನಗೂಲಿ 316 ರೂ. ಇತ್ತು. ಆ ಯೋಜನೆಯಲ್ಲಿ ಆಗ ಕೂಲಿ ಮತ್ತು ಸಾಮಗ್ರಿಯ ಅನುಪಾತ 60:40 ಇತ್ತು, ಅದನ್ನು ನೋಡುತ್ತಿದ್ದುದು ಒಂದೊಂದೇ ಕೆಲಸಕ್ಕಲ್ಲ, ಒಟ್ಟು ಕೆಲಸದ ಮೇಲೆ. ಮಣ್ಣಿನ ಕೆಲಸದಲ್ಲಿ 6 ಲಕ್ಷ ಕೂಲಿ ಖರ್ಚಾದರೆ, ಬೇರೆಡೆ 4 ಲಕ್ಷದ ಕಲ್ಲು, ಸಿಮೆಂಟಿಗೆ ಅವಕಾಶ ಸಿಗುತ್ತಿತ್ತು. ಆದ್ದರಿಂದ ಹೂಳು ಮೊದಲು, ಕಾಂಕ್ರೀಟ್ ಆಮೇಲೆ. ಸಾಮಗ್ರಿ ಬಿಲ್ಲು ತಿಂಗಳುಗಟ್ಟಲೆ ತಡವಾಗುವುದು ಮಾಮೂಲು, ಸಣ್ಣ ಅಂಗಡಿಯವರು ತಾಳಲಾರರು. ಕೂಲಿಕಾರರು ನಮೂನೆ 6ರಲ್ಲಿ ಕೆಲಸ ಕೇಳಿರಬೇಕಿತ್ತು, ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಮೂರು ಹಂತದ ಜಿಯೋಟ್ಯಾಗ್ ಫೋಟೊ (ಜಾಗದ ಗುರುತು ಸೇರಿದ ಫೋಟೊ) ಇರಬೇಕಿತ್ತು. ಮುಂಚಿನ ಫೋಟೊ ತಪ್ಪಿದರೆ ಎತ್ತಿದ ಹೂಳಿಗೆ ಸಾಕ್ಷಿಯೇ ಇರುವುದಿಲ್ಲ. ಜೆಸಿಬಿ ತಂದು ಎನ್‌ಎಂಆರ್‌ನಲ್ಲಿ (ಕೂಲಿಕಾರರ ಹಾಜರಿ ಪಟ್ಟಿ) ಹೆಸರು ಬರೆಸುವ ದಾರಿಗೆ ಇಳಿಯಲೇಬಾರದು. ಊರವರ ಕೂಲಿ ಹೋಗುತ್ತದೆ, ತನಿಖೆ ಬಂದರೆ ವಸೂಲಾತಿಯೂ ಬರುತ್ತದೆ.

ಗ್ರಾಮ ಪಂಚಾಯಿತಿ ರಸ್ತೆಯ ಮೋರಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಅನಿರ್ಬಂಧಿತ ಭಾಗ, ಅಂದರೆ ಇಂಥದ್ದೇ ಕೆಲಸಕ್ಕೆಂದು ಕಟ್ಟುಹಾಕದ ಭಾಗ, ಬಳಸಿದೆವು. 2021–26ರ ಅವಧಿಗೆ ಆ ಅನುದಾನದಲ್ಲಿ ಶೇ 40 ಅನಿರ್ಬಂಧಿತ, ಶೇ 60 ನಿರ್ಬಂಧಿತವಾಗಿತ್ತು. ನಿರ್ಬಂಧಿತದಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೆ. ಬಚ್ಚಲು ನೀರಿನ ಕೆಲಸ ನೈರ್ಮಲ್ಯದ ಪಾಲಿಗೆ ಹೊಂದುತ್ತಿತ್ತು. ಸ್ವಚ್ಛ ಭಾರತ ಮಿಷನ್ ಎರಡನೇ ಹಂತದಲ್ಲಿ ಬೂದು ನೀರಿಗೆ (ಬಚ್ಚಲು, ಅಡುಗೆಮನೆಯ ನೀರು) 5,000 ಜನಸಂಖ್ಯೆವರೆಗಿನ ಹಳ್ಳಿಗೆ ತಲಾ 280 ರೂ. ಮಿತಿ ಇತ್ತು, ಅದರ ಶೇ 30 ಪಂಚಾಯಿತಿ ತನ್ನ ಹಣಕಾಸು ಆಯೋಗದ ಪಾಲಿನಿಂದ ಹಾಕಬೇಕಿತ್ತು. 1,500 ಜನರ ಊರಿಗೆ ಒಟ್ಟು ಮಿತಿ 4.2 ಲಕ್ಷ. ಈ ದುಡ್ಡನ್ನು ಮನೆ ಮನೆಯ ಬಚ್ಚಲು ಗುಂಡಿಗೆ ಇಡುವುದು ಒಳ್ಳೆಯದು. ಬಚ್ಚಲು ನೀರು ಅಲ್ಲೇ ಇಂಗಿದರೆ ಕಾಲುವೆ ಬೇಸಿಗೆಯಲ್ಲಿ ಒಣಗುತ್ತದೆ, ಒಣ ಹೂಳು ತೆಗೆಯುವುದು ಸುಲಭ, ಸೊಳ್ಳೆಯೂ ಕಡಿಮೆ. ಲೋಕೋಪಯೋಗಿ ಇಲಾಖೆ ರಸ್ತೆಯ ಮೋರಿಗೆ ಪಂಚಾಯಿತಿ ದುಡ್ಡು ಹಾಕುವುದು ಬೇಡ. ಮೇಲಿನ ಲೆಕ್ಕ ಬರೆದ ಹಾಳೆ, ನೀರು ನಿಂತ ದಿನದ ಫೋಟೊ, ಗ್ರಾಮಸಭೆ ಠರಾವು ಸೇರಿಸಿ ಅವರಿಗೇ ಕೊಡಬೇಕು. ಶಾಸಕರ ನಿಧಿ ಕೇಳುವಾಗಲೂ ಅದೇ ಕಡತ. ‘ಚರಂಡಿ ಬೇಕು’ ಎಂಬ ಬಾಯಿಮಾತಿಗೂ ‘ಇಷ್ಟನೇ ಮೀಟರಿನಲ್ಲಿ 450ರ ಪೈಪ್ ತೆಗೆದು 900 ಹಾಕಿ’ ಎಂಬ ಅರ್ಜಿಗೂ ಸಿಗುವ ಉತ್ತರ ಬೇರೆ ಬೇರೆ.

ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಎರಡು ಕಡೆ. ಒಂದೇ ಚೈನೇಜ್ ಎರಡು ನಿಧಿಯ ಅಂದಾಜು ಪಟ್ಟಿಯಲ್ಲಿ ಬರಬಾರದು. 0ರಿಂದ 180 ಮೀ. ಒಂದರಲ್ಲಿ, 180ರಿಂದ 320 ಇನ್ನೊಂದರಲ್ಲಿ ಎಂದು ಸ್ಪಷ್ಟವಾಗಿರಬೇಕು. ಒಂದೇ ನಿಧಿಯ ಒಂದೇ ಕೆಲಸವನ್ನು ಟೆಂಡರ್ ತಪ್ಪಿಸಲು ತುಂಡು ಮಾಡಬಾರದು. ಮಿಕ್ಕಂತೆ ಕೆಲಸ ಗ್ರಾಮಸಭೆಯ ಪಟ್ಟಿಯಲ್ಲಿದ್ದು, ಪಂಚಾಯಿತಿಗಳ ಯೋಜನೆ, ಲೆಕ್ಕದ ಜಾಲತಾಣ ಇ-ಗ್ರಾಮ ಸ್ವರಾಜ್‌ನಲ್ಲಿ ಕ್ರಿಯಾ ಯೋಜನೆಯಾಗಿ ಏರಿರದಿದ್ದರೆ ಬಿಲ್ಲು ಮುಂದೆ ಹೋಗುವುದಿಲ್ಲ. ಯೋಜನೆ ತಯಾರಾಗುವುದು ಅಕ್ಟೋಬರ್‌ನಿಂದ ಜನವರಿವರೆಗೆ. ಹಿಂದಿನ ಮಳೆಯ ಫೋಟೊ ಕೈಯಲ್ಲಿರುವಾಗಲೇ ಸೇರಿಸಿಬಿಡಬೇಕು.

ದುಡ್ಡಿಗಿಂತ ಹೆಚ್ಚು ಕಾಡುವುದು ಜಾಗ. ಹಳೆಯ ಕಾಲುವೆ ಎಷ್ಟೋ ಕಡೆ ಜಮೀನಿಗೆ ಸೇರಿಹೋಗಿರುತ್ತದೆ. ಗ್ರಾಮ ನಕಾಶೆ, ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಎರಡರಲ್ಲೂ ನೋಡಿ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಎಂದಿದ್ದರೆ ತಹಶೀಲ್ದಾರರ ಮೂಲಕ ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಖಾಸಗಿ ಜಮೀನಿನಲ್ಲಿ ಹಾಯುವುದಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಕಾರ್ಯಾದೇಶ ಕೊಟ್ಟ ಮೇಲೆ ತಕರಾರು ಎದ್ದರೆ ಆ ವರ್ಷದ ದುಡ್ಡು ಅಲ್ಲಿಗೇ ನಿಂತುಹೋಗುತ್ತದೆ.

ಕಟ್ಟುವಾಗ ಗುತ್ತಿಗೆದಾರರ ಜೊತೆ ಜಗಳವಾಡಿಯಾದರೂ ಉಳಿಸಿಕೊಳ್ಳಬೇಕಾದ್ದು ಕೆಲವಿವೆ. ಕಾಲುವೆಯ ಅಂಚು ಮನೆಗಳ ಹೊಸಿಲಿಗಿಂತ ಕೆಳಗಿರಬೇಕು. ಸಿಸಿ ರಸ್ತೆಯ ಮೇಲೆ ಮತ್ತೆ ಸಿಸಿ ಹಾಕುತ್ತ ರಸ್ತೆ ಏರಿ ಮನೆಗಳು ಗುಂಡಿಗೆ ಇಳಿದಿವೆ, ಅದಕ್ಕೆ ಹಳೆಯದನ್ನು ಒಡೆದೇ ಹೊಸದು ಹಾಕಲಿ. ಊರಿಗೆ ನೀರು ಒಳಬರುವ ಕಡೆ ಒಂದು ಮೀಟರ್ ಉದ್ದಗಲದ, ತಳಕ್ಕಿಂತ 45 ಸೆಂ.ಮೀ ಆಳವಾದ ಹೂಳುಗುಂಡಿ, ಅದರ ಮುಂದೆ ಕಬ್ಬಿಣದ ಜಾಲರಿ ಬೇಕು. ಮೇಲಿನ ಚಪ್ಪಡಿಯನ್ನು ಗಾರೆ ಹಾಕಿ ಮುಚ್ಚಬಾರದು. 1.1 ಮೀ. ಉದ್ದ, 30 ಸೆಂ.ಮೀ ಅಗಲ, 10 ಸೆಂ.ಮೀ ದಪ್ಪದ ಚಪ್ಪಡಿ 80 ಕೆ.ಜಿ. ದಾಟುತ್ತದೆ, ಎರಡು ಕೊಕ್ಕೆ ಇಟ್ಟರೆ ಇಬ್ಬರು ಎತ್ತಬಹುದು, ಇದಕ್ಕಿಂತ ಅಗಲವಾದರೆ ಯಾರೂ ಎತ್ತುವುದಿಲ್ಲ.

ಹೂಳು ತೆಗೆಸುವ ಖರ್ಚನ್ನು ಮೇಲಿನ ಅನುದಾನದ ಭರವಸೆಗೆ ಬಿಡಬಾರದು. ಅದು ಮನೆ ಕಂದಾಯದಿಂದ ಬರುವ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲೇ ಬಜೆಟ್ ತಲೆಬರಹವಾಗಿ ಇರಬೇಕು, ವರ್ಷಕ್ಕೆ ಎರಡು ಸಲ: ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ, ಹಿಂಗಾರಿಗೆ ಮುಂಚೆ ಸೆಪ್ಟೆಂಬರ್‌ನಲ್ಲಿ. ತೆಗೆದ ಹೂಳನ್ನು ಅಂದೇ ಟ್ರಾಕ್ಟರಿಗೆ ತುಂಬಿಸಿ ಕಳಿಸಬೇಕು, ದಡದ ಮೇಲೆ ಬಿಟ್ಟರೆ ಮೊದಲ ಮಳೆಗೇ ಮತ್ತೆ ಕಾಲುವೆ ಸೇರುತ್ತದೆ.